ಮಾರುತೇಶನ ಓರೆ ತಲೆ, ದಾಸಣ್ಣನ ಸುಣ್ಣದ ಗೆರೆ

ಚಿಕ್ಕಜಾಜೂರಿನ ರೈಲ್ವೆ ಟಿಕೆಟ್ ಕಿಟಕಿಯ ಹಿಂದೆ ಕೂರುವ ಮಾರುತೇಶನ ತಲೆ ಬಲಭುಜದ ಕಡೆಗೆ ಓರೆಯಾಗಿತ್ತು. ಬರೀ ಓರೆ ಎಂದರೆ ಆ ಓರೆಗೆ ಅವಮಾನ. ಚಿತ್ರದುರ್ಗದ ರೈಲು ತಿರುವಿನಲ್ಲಿ ವಾಲುವುದನ್ನು ಕಲಿತದ್ದೇ ಅವನನ್ನು ನೋಡಿ ಎಂದು ಜಂಕ್ಷನ್ನಿನಲ್ಲಿ ನಂಬಿದವರಿದ್ದರು. ಟಿಕೆಟ್ ಕೇಳುವವರು ತಮಗರಿವಿಲ್ಲದೆ ತಾವೂ ತಲೆ ವಾಲಿಸುತ್ತಿದ್ದರು. ಅವರನ್ನು ನೋಡಿ ಹಿಂದಿನವರು, ಅವರ ಹಿಂದಿನವರು, ಹೀಗೆ ಇಡೀ ಸಾಲು ಗಾಳಿಗೆ ಸಿಕ್ಕಿದ ಮೆಕ್ಕೆಜೋಳದ ಹೊಲದಂತೆ ಬಲಕ್ಕೆ ಬಾಗುತ್ತಿತ್ತು. ತಾಳ್ಯದ ಮದುವೆ ದಿಬ್ಬಣವೊಂದು ಆ ಸಾಲಿನಲ್ಲಿ ನಿಂತಾಗ ಮದುಮಗನ ಬಾಸಿಂಗ ಜಾರಿ ಕಿವಿಗೆ ಬಂದಿತ್ತೆಂಬುದು ಪ್ಲಾಟ್‌ಫಾರಂ ಪುರಾಣ.

ಪುರಾಣದ ಮೂಲ ಮಾತ್ರ ಸಣ್ಣದು. ಮಾರುತೇಶನ ಕಣ್ಣಿನ ಮುಂಭಾಗ ಚೆಂಡಿನಂತೆ ಗುಂಡಗಿರದೆ ಒಂದು ದಿಕ್ಕಿಗೆ ಹೆಚ್ಚು ಬಾಗಿತ್ತು. ಡಾಕ್ಟರುಗಳು ಇದನ್ನು ಅಸ್ಟಿಗ್ಮ್ಯಾಟಿಸಂ ಎನ್ನುತ್ತಾರೆ. ಕನ್ನಡಕ ತೆಗೆದರೆ ಅವನಿಗೆ ಒಂದು ಗೆರೆಯ ಪಕ್ಕ ಅದರ ತಮ್ಮನಂಥ ಇನ್ನೊಂದು ಗೆರೆ ಕಾಣುತ್ತಿತ್ತು. ಟಿಕೆಟ್ ಕೊಡಲು ಕನ್ನಡಕ ಸಾಕಿತ್ತು. ಎರ್ರಿಸ್ವಾಮಿಯನ್ನು ಎದುರಿಸಲು ಸಾಲದು.

ಎರ್ರಿಸ್ವಾಮಿಗೆ ಊರಿನಲ್ಲಿ ಬೀಜ ಗೊಬ್ಬರದ ಅಂಗಡಿ. ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ದಿನಾ ಬೆಳಿಗ್ಗೆ ಇವರಿಬ್ಬರ ಶಟಲ್ ಕಾಳಗ. ನಿವೃತ್ತ ಗ್ಯಾಂಗ್‌ಮನ್ ದಾಸಣ್ಣ ಸುಣ್ಣದ ಪುಡಿಯಿಂದ ಗೆರೆ ಎಳೆದು, ಕಲ್ಲಿನ ಮೇಲೆ ಕೂತು ಪಾಯಿಂಟು ಕೂಗುತ್ತಿದ್ದ. ಗೆರೆ ಮುಟ್ಟಿದರೂ ಒಳಗೆಂದೇ ಲೆಕ್ಕ. ಅಂಪೈರ್ ಇರಲಿಲ್ಲ, ಒಂದು ಕಟ್ಟಳೆ ಇತ್ತು. ಶಟಲ್ ಯಾರ ಅಂಗಳದಲ್ಲಿ ಬೀಳುತ್ತದೋ, ಒಳಗೋ ಹೊರಗೋ ಎಂದು ಅವರೇ ಹೇಳಬೇಕು. ಅವರು ಹೇಳಿದ ಮೇಲೆ ಮುಗಿಯಿತು.

ಬೆವರಿಗೆ ಜಾರುವ ಕನ್ನಡಕವನ್ನು ಮಾರುತೇಶ್ ಕಲ್ಲಿನ ಮೇಲಿಟ್ಟು ಆಡುತ್ತಿದ್ದ. ಒಂದು ದಿನ ಎರ್ರಿಸ್ವಾಮಿ ಹೊಡೆದ ಶಟಲ್ ಅವನ ಕಡೆ ಗೆರೆಯ ಬಳಿ ಬಿತ್ತು. ಮಾರುತೇಶ್ ಕಣ್ಣು ಕಿರಿದು ಮಾಡಿ, "ಔಟು" ಎಂದ.

"ಯಾವ ಗೆರೆಗೆ ಔಟು? ನಿಂಗೆ ಎರಡು ಕಾಣ್ತವಲ್ಲ!" ಎಂದು ಎರ್ರಿಸ್ವಾಮಿ ನೆಟ್ಟಿನ ಹತ್ತಿರ ಬಂದ. "ದಾಸಣ್ಣ, ಕಣ್ಣು ಕಾಣ್ದೋನ ಮಾತು ಏನು ಮಾತು? ಇವತ್ತಿಂದ ಇವನ ಕಡೆ ಬಿದ್ದಿದ್ದನ್ನೂ ನಾನೇ ಹೇಳ್ತೀನಿ. ಇದು ಒಳಗೇ."

ಸುತ್ತಲಿದ್ದವರು ನಕ್ಕರು. ದಾಸಣ್ಣ ಎರ್ರಿಸ್ವಾಮಿಗೇ ಪಾಯಿಂಟು ಕೂಗಿಬಿಟ್ಟ. ಅಷ್ಟರಲ್ಲಿ ಹಾಲು ಹಿಡಿದು ಬರುತ್ತಿದ್ದ ಮಾರುತೇಶನ ಹೆಂಡತಿ ರಮ್ಯಾ ಎಲ್ಲವನ್ನೂ ನೋಡಿದ್ದಳು.

"ಒಂದು ಗೇಣು ಹೊರಗೆ ಬಿದ್ದಿತ್ತು ಕಣ್ರೀ," ಎಂದಳು ಮನೆಯಲ್ಲಿ.

ಆ ಒಂದು ಗೇಣು ಮಾರುತೇಶನ ಎದೆಯಲ್ಲಿ ಒಂದು ಮೈಲಿಯಾಯಿತು. ಸೋಲು ಹಳೆಯದು, ಅದರ ಜೊತೆ ಅವನು ಸಂಸಾರ ಮಾಡಿದ್ದ. ತನ್ನ ಅಂಗಳದ ಮಾತೇ ತನ್ನ ಕೈ ತಪ್ಪಿದ್ದು ಮಾತ್ರ ಅರಗಲಿಲ್ಲ. ಆ ಮಾತನ್ನು ಮರಳಿ ಪಡೆಯುವುದು, ಪಡೆದು ಅದರಿಂದಲೇ ಎರ್ರಿಸ್ವಾಮಿಯ ತಲೆಗೆ ಕುಟ್ಟುವುದು. ಬೇರೆ ಗುರಿ ಆ ವರ್ಷ ಅವನಿಗೆ ಇರಲಿಲ್ಲ. ಟಿಕೆಟ್ ಕೊಡುವಾಗಲೂ ಅವನ ತುಟಿಯಲ್ಲಿ ಒಂದು ನಗೆ ಸುಳಿದಾಡುತ್ತಿತ್ತು. ಪ್ರಯಾಣಿಕರು ಅದನ್ನು ಮರ್ಯಾದೆ ಎಂದುಕೊಂಡರು.

ಮೊದಲು ಮೊಬೈಲಿನಲ್ಲಿ ಕನ್ನಡಕದ ಚೀಟಿಯ ನಂಬರನ್ನೇ ಹಾಕಿ ಕಾಂಟ್ಯಾಕ್ಟ್ ಲೆನ್ಸ್ ತರಿಸಿದ. ಹಾಕಿಕೊಂಡು ವೀರನಂತೆ ಬಯಲಿಗೆ ಇಳಿದ. ಮೊದಲ ಜಿಗಿತಕ್ಕೇ ಲೆನ್ಸ್ ಕಣ್ಣಿನೊಳಗೆ ತಿರುಗಿತು, ಶಟಲ್ ಎರಡಾಯಿತು, ಬ್ಯಾಟು ಗಾಳಿಯನ್ನು ಬಾರಿಸಿತು.

"ಎರಡ್ರಾಗೆ ಯಾವ್ದು ಹೊಡೆದೆ ಲೇ?" ಎಂದು ಎರ್ರಿಸ್ವಾಮಿ ಹೊಟ್ಟೆ ಹಿಡಿದುಕೊಂಡ. "ಇನ್ನೊಂದು ಇಲ್ಲೇ ಬಿದ್ದೈತೆ, ತಗಂಡು ಹೋಗು!"

ಮುಂದಿನ ಭಾನುವಾರ ಗಂಡಹೆಂಡತಿ ಚಿತ್ರದುರ್ಗದ ಬಸ್ಸು ಹತ್ತಿದರು. ಅಲ್ಲಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವ ಹುಡುಗಿ ಮೇಘಶ್ರೀ ಯಂತ್ರದಲ್ಲಿ ಅವನ ಕಣ್ಣನ್ನು ಇಣುಕಿ ನೋಡಿದಳು.

"ಇದು ಹೆಂಗೆ ಬೇಕಾದ್ರೂ ಕೂರೋ ಲೆನ್ಸ್ ಅಲ್ಲ ಸಾರ್. ಇದಕ್ಕೆ ಮೇಲೆ ಕೆಳಗೆ ಅಂತ ಐತೆ. ಕೆಳಗಡೆ ಒಂದು ಸಣ್ಣ ಗೀಟು ಇರ್ತದೆ, ಅದು ಗಡಿಯಾರದ ಆರರ ಜಾಗದಾಗೆ ಕುಂತಿರಬೇಕು. ನಿಮ್ದು ಕಣ್ಣು ಮಿಟುಕಿಸಿದಾಗೆಲ್ಲ ಎಂಟಕ್ಕೆ ಹೋಗಿ ಬರ್ತಾ ಐತೆ. ನಿಮ್ಮ ಕಣ್ಣಿಗೆ ಇದು ಸಡಿಲ."

ಪರೀಕ್ಷೆಗೆಂದು ಅದೇ ಚೀಟಿಯ ನಂಬರಿನ, ಬೇರೊಂದು ಅಳತೆಯದನ್ನು ಹಾಕಿ ಇಪ್ಪತ್ತು ನಿಮಿಷ ಕೂರಿಸಿದಳು. ಈಗ ಗೀಟು ಆರಕ್ಕೆ ಬಂದು, ಮಿಟುಕಿಸಿದರೂ ಅಲ್ಲಾಡದೆ ನಿಂತಿತು. ಗೋಡೆಯ ಮೇಲಿನ ಅಕ್ಷರಗಳು ಮಾತ್ರ ಇನ್ನೂ ಜೋಡಿಯಾಗಿಯೇ ಕಂಡವು. ಮೇಘಶ್ರೀ ಚೀಟಿ ನೋಡಿದಳು, ಕಣ್ಣು ನೋಡಿದಳು, ಮತ್ತೆ ಚೀಟಿ ನೋಡಿದಳು.

"ಗೀಟು ಆರಕ್ಕೇ ಐತಲ್ಲ..."

ಬೆಂಚಿನ ಮೇಲೆ ಕೂತಿದ್ದ ರಮ್ಯಾ ಬಾಯಿ ಹಾಕಿದಳು. "ಗೀಟು ಆರಕ್ಕೈತೆ ಕಣಮ್ಮ. ಅವರ ತಲೆ ಐದಕ್ಕೈತೆ."

ಮೇಘಶ್ರೀ ಹಿಂದೆ ಸರಿದು ಮೊದಲ ಬಾರಿಗೆ ಇಡೀ ಮನುಷ್ಯನನ್ನು ನೋಡಿದಳು. "ಸಾರ್, ತಲೆ ನೆಟ್ಟಗಿಡ್ರಿ."

"ನೆಟ್ಟಗೇ ಐತಲ್ಲಮ್ಮ," ಎಂದ ಮಾರುತೇಶ್, ಓರೆಯಾಗಿ.

ಗುಟ್ಟು ಆಗ ಬಯಲಾಯಿತು. ಎಂಟನೇ ಕ್ಲಾಸಿನಲ್ಲಿ ಮೊದಲ ಸಲ ಕಣ್ಣು ತೋರಿಸಿದಾಗ ಅವನು ಹೆದರಿ ತಲೆ ವಾಲಿಸಿ ಕೂತಿದ್ದ. ಆ ಓರೆಗೆ ತಕ್ಕ ಗಾಜು ಬಂತು. ಆ ಗಾಜಿನಲ್ಲಿ ಕಾಣಬೇಕಾದರೆ ತಲೆ ಓರೆ ಮಾಡಿ, ಕನ್ನಡಕವನ್ನು ಮಾತ್ರ ನೆಟ್ಟಗೆ ಹಿಡಿಯಬೇಕಾಯಿತು. ಮುಂದಿನ ಪರೀಕ್ಷೆಗೂ ಅದೇ ಓರೆ, ಅದರ ಮುಂದಿನದಕ್ಕೂ ಅದೇ. ಮೂವತ್ತು ವರ್ಷ ಕನ್ನಡಕ ನೆಟ್ಟಗಿತ್ತು, ಅದರ ಕೆಳಗೆ ಮನುಷ್ಯ ಸೊಟ್ಟಗಿದ್ದ.

"ಕನ್ನಡಕ ಆದ್ರೆ ಮೂಗಿನ ಮೇಲೆ ಓರೆ ಮಾಡ್ಕಂಡು ಸುಧಾರಿಸಬೋದು ಸಾರ್. ಲೆನ್ಸ್ ಕಣ್ಣಿಗೇ ಅಂಟ್ಕಂಡಿರ್ತದೆ, ಮೋಸ ಮಾಡಕ್ಕಾಗಲ್ಲ," ಎಂದಳು ಮೇಘಶ್ರೀ. "ಮತ್ತೆ ನಂಬರ್ ತೆಗೀಬೇಕು. ಯಾರಾದ್ರೂ ತಲೆ ಹಿಡ್ಕಳ್ರಿ."

ರಮ್ಯಾ ಸೆರಗು ಸಿಕ್ಕಿಸಿ ಎದ್ದಳು. ಎಣ್ಣೆ ಸ್ನಾನಕ್ಕೆ ಮಕ್ಕಳ ತಲೆ ಹಿಡಿಯುವ ಹಾಗೆ ಗಂಡನ ಎರಡೂ ಕಿವಿಗಳ ಮೇಲೆ ಅಂಗೈ ಒತ್ತಿ, ತಲೆಯನ್ನು ನೆಟ್ಟಗೆ ತಿರುಗಿಸಿದಳು. ಕತ್ತು ಲಟಕ್ಕೆಂದಿತು.

"ಅಯ್ಯಯ್ಯೋ, ಬಿಡೇ!"

"ಎರ್ರಿಸ್ವಾಮಿನ ನೆನಸ್ಕಳ್ರಿ," ಎಂದಳು ರಮ್ಯಾ, ಇನ್ನಷ್ಟು ಒತ್ತಿ.

ಅವನು ನೆನೆಸಿಕೊಂಡ. ಕಲ್ಲಿನಂತೆ ಕೂತ. ಹಳೆಯ ಲೆಕ್ಕ ಹದಿನೈದು ಡಿಗ್ರಿ ತಪ್ಪಿತ್ತು.

ಹತ್ತು ದಿನದ ಮೇಲೆ ಹೊಸ ಜೋಡಿ ಬಂತು. ಮೇಘಶ್ರೀ ಅವನಿಂದ ಮೇಲೆ, ಕೆಳಗೆ, ಎಡ, ಬಲ ನೋಡಿಸಿದಳು. ಆಡುವವರಿಗೆ ಅಷ್ಟು ಸಾಲದೆಂದು ಜಿಗಿಯಲು ಹೇಳಿದಳು. ಮಾರುತೇಶ್ ಜಿಗಿದು ಇಲ್ಲದ ಬ್ಯಾಟಿನಿಂದ ಇಲ್ಲದ ಶಟಲ್ ಚಚ್ಚಿದ. ಕನ್ನಡಕದ ಸ್ಟ್ಯಾಂಡೊಂದು ಉರುಳಿತು. ಯಂತ್ರದಲ್ಲಿ ನೋಡಿದರೆ ಗೀಟು ಆರರಲ್ಲೇ ಇತ್ತು. ಗೋಡೆಯ ಮೇಲಿನ ಕೊನೆಯ ಸಾಲು ಒಂಟಿಯಾಗಿ, ಚೂಪಾಗಿ, ಕರ್ರಗೆ ನಿಂತಿತ್ತು.

"ಚೆನ್ನಾಗಿ ಕುಂತೈತೆ ಸಾರ್."

"ಎರ್ರಿಸ್ವಾಮಿಗೆ ಐತೆ ಇನ್ನ ಮೇಲೆ," ಎಂದ ಮಾರುತೇಶ್. ಅವಳಿಗೆ ಅದಾರೆಂದು ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ನೆಟ್ಟಗಿನ ತಲೆಯೊಂದು ಬಯಲಿಗೆ ಬಂದಾಗ ದಾಸಣ್ಣ ಕಲ್ಲಿನಿಂದ ಎದ್ದೇ ಬಿಟ್ಟ. "ಯಾರಪ್ಪ ನೀನು? ವರ್ಗ ಆಗಿ ಬಂದ್ಯಾ?"

"ನಾನೇ ದಾಸಣ್ಣ. ನನ್ನ ಕಡೆ ಬಿದ್ದಿದ್ದನ್ನ ಇನ್ನು ನಾನೇ ಹೇಳ್ತೀನಿ."

ಎರ್ರಿಸ್ವಾಮಿ ಸುಲಭಕ್ಕೆ ಬಿಡುವವನಲ್ಲ. ದೂರದಲ್ಲಿ ನಿಂತಿದ್ದ ಗೂಡ್ಸ್ ಗಾಡಿಯನ್ನು ತೋರಿಸಿದ. "ಆ ಕೊನೆ ಡಬ್ಬಿ ನಂಬರ್ ಓದು, ನೋಡಾಣ."

ಮಾರುತೇಶ್ ಹನ್ನೊಂದು ಅಂಕಿಗಳನ್ನೂ ಓದಿದ. ಅದರ ಮೇಲೆ ಕೂತಿದ್ದ ಕಾಗೆ ಯಾವ ಕಡೆ ಮುಖ ಮಾಡಿದೆ ಎಂಬುದನ್ನೂ ಸೇರಿಸಿದ. ದಾಸಣ್ಣ ನಡೆದು ಹೋಗಿ ನೋಡಿ ಬಂದು, "ಸರಿ ಐತೆ. ಮಾರುತೇಶನ ಅಂಗಳಕ್ಕೆ ಮಾರುತೇಶನದೇ ಮಾತು," ಎಂದು ತೀರ್ಪು ಕೊಟ್ಟ.

ಆಟ ಶುರುವಾಯಿತು. ಒಂದೇ ಶಟಲ್, ಒಂದೇ ನೆಟ್ಟು, ಒಬ್ಬನೇ ಎರ್ರಿಸ್ವಾಮಿ. ಒಬ್ಬನೇ ಆದರೂ ಅವನು ಒಳ್ಳೆಯ ಆಟಗಾರ. ಇಪ್ಪತ್ತು ಹತ್ತೊಂಬತ್ತಾಗುವ ಹೊತ್ತಿಗೆ ಇಬ್ಬರಿಗೂ ನಾಲಿಗೆ ಹೊರಬಂದಿತ್ತು. ಗೆಲ್ಲಲು ಮಾರುತೇಶನಿಗೆ ಒಂದು ಪಾಯಿಂಟು ಬೇಕಿತ್ತು. ಆಗ ಎರ್ರಿಸ್ವಾಮಿ ಗಾಳಿಗೆ ಹಾರಿ ಇದ್ದಬದ್ದ ಬಲವನ್ನೆಲ್ಲ ಸೇರಿಸಿ ಬಾರಿಸಿದ. ಶಟಲ್ ಮಾರುತೇಶನ ಬ್ಯಾಟಿಗೆ ಸಿಗದೆ ಹಿಂದಿನ ಗೆರೆಯ ಬಳಿ ಬಿತ್ತು.

ಮಾರುತೇಶ್ ಬಗ್ಗಿ ನೋಡಿದ. ಜೀವಮಾನದಲ್ಲಿ ಯಾವುದನ್ನೂ ಅವನು ಅಷ್ಟು ನಿಚ್ಚಳವಾಗಿ ಕಂಡಿರಲಿಲ್ಲ. ಗೆರೆಯ ನಟ್ಟನಡುವೆ ಶಟಲ್ಲಿನ ಬುಡದಷ್ಟೇ ದುಂಡನೆಯ ಗುಳಿ. ಬುಡಕ್ಕೆ ಮೆತ್ತಿದ ಸುಣ್ಣದ ಒಂದೊಂದು ಕಣವನ್ನೂ ಎಣಿಸಬಹುದಿತ್ತು. ಅವನು ಶಟಲ್ ಎತ್ತಿ, ಬುಡವನ್ನು ಪ್ಯಾಂಟಿಗೆ ಸಾವಕಾಶವಾಗಿ ಒರೆಸಿಕೊಂಡ. ಕಾಲು ಹೇಗೋ ಗೆರೆಯ ಮೇಲೆ ಸ್ವಲ್ಪ ಜಾರಿ, ಗುಳಿ ಅಳಿಸಿಹೋಯಿತು.

"ಸರಿಯಾಗಿ ನೋಡ್ದೇನಲೇ?" ನೆಟ್ಟಿನಾಚೆಯಿಂದ ಎರ್ರಿಸ್ವಾಮಿ ಕೂಗಿದ. "ಚೆನ್ನಾಗಿ ಕಾಣ್ತಾ?"

ಮಾರುತೇಶ್ ನೆಟ್ಟಗಿನ ತಲೆಯನ್ನು ನೆಟ್ಟಗೇ ಎತ್ತಿ ಅವನನ್ನು ನೋಡಿದ.

"ಚೆನ್ನಾಗಿ ಕಾಣ್ತು. ಔಟು."