ವಿಲೇವಾರಿ ಭಾವ

ನನ್ನ ಗಂಡನ ಅಣ್ಣ ಮೂವತ್ತು ವರ್ಷ ಒಂದು ಕಚೇರಿಯ ದಾಖಲೆ ಕೋಣೆಯಲ್ಲಿದ್ದವರು. ಯಾವ ಕಡತ ಉಳಿಯಬೇಕು, ಯಾವುದು ಚೂರಾಗಬೇಕು ಎಂದು ತೀರ್ಮಾನಿಸುವುದೇ ಅವರ ಉದ್ಯೋಗ. ನಿವೃತ್ತಿಯಾದಾಗ ಕಡತಗಳು ಅಲ್ಲೇ ಉಳಿದವು, ಕೈ ಚಟ ಮಾತ್ರ ಮನೆಗೆ ಬಂತು. ಮೊದಲ ತಿಂಗಳಲ್ಲೇ ಹಿಡಿ ಸಡಿಲವಾಗಿದ್ದ ಸೌಟು, ನನ್ನ ಗಂಡನ ಕಾಲೇಜಿನ ಶರ್ಟು, ಗೋಡೆ ಗಡಿಯಾರದ ಗ್ಯಾರಂಟಿ ಚೀಟಿ ಎಲ್ಲ ಮಾಯ. ಎರಡನೇ ತಿಂಗಳು ಗಡಿಯಾರ ನಿಂತಿತು. ಓರಗಿತ್ತಿ ತಮ್ಮ ಮದುವೆಯ ಫೋಟೋಗಳನ್ನು ಸದ್ದಿಲ್ಲದೆ ತವರಿಗೆ ಸಾಗಿಸಿದರು. "ಇವರ ಕಣ್ಣು ನನ್ನ ಮೇಲೆ ಬೀಳೋಕ್ಮುಂಚೆ ನಾನೂ ಹೊರಡ್ತೀನಿ ಕಣೇ" ಎಂದರು. ವಿಲೇವಾರಿ ಎಂಬ ಬಿರುದು ಕೊಟ್ಟವರೂ ಅವರೇ.

ಒಂದು ಮಾತು ಒಪ್ಪಬೇಕು. ಭಾವ ಏನನ್ನೂ ಲೆಕ್ಕವಿಲ್ಲದೆ ಎಸೆದವರಲ್ಲ. ದಪ್ಪ ರಟ್ಟಿನ ಪುಸ್ತಕದಲ್ಲಿ ಕ್ರಮಸಂಖ್ಯೆ, ವಸ್ತುವಿನ ಹೆಸರು, ಕಾರಣ, ಕೆಳಗೆ ಸಹಿ. ಸೌಟಿಗೂ ಸಹಿ.

ನನ್ನ ಮಗಳಿಗೆ ನಾಲ್ಕು ವರ್ಷ. ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು, ಮಾತು ಮಾತ್ರ ಇನ್ನೂ ಬಂದಿಲ್ಲ. ಟ್ಯಾಬ್ಲೆಟ್‌ನಲ್ಲಿ ಅವಳಿಗೊಂದು ಚಿತ್ರಫಲಕ ಇದೆ. ಲೋಟದ ಚಿತ್ರ ಒತ್ತಿದರೆ ಅದು "ನೀರು" ಎನ್ನುತ್ತದೆ, ಮುಚ್ಚಿದ ಬಾಗಿಲು ಒತ್ತಿದರೆ "ಬಾತ್‌ರೂಮು" ಎನ್ನುತ್ತದೆ. ಶಿಶುವಿಹಾರದ ಟೀಚರ್ ಕಡ್ಡಿ ಮುರಿದಂತೆ ಹೇಳಿದ್ದರು: "ನೀರು, ಬಾತ್‌ರೂಮು, ನೋವು. ಇಷ್ಟನ್ನ ಅವಳೇ ಹೇಳಿದ್ರೆ ಸೇರಿಸ್ಕೋತೀವಿ. ಸೋಮವಾರ ಕರ್ಕೊಂಡ್ಬನ್ನಿ, ನೋಡೋಣ."

ತೊಂದರೆ ಟ್ಯಾಬ್ಲೆಟ್‌ನದು. ಕಂಪನಿಯವರು ಅದರೊಳಗೆ ಮೊದಲೇ ಆಪ್‌ಗಳ ಒಂದು ಸಂಸಾರವನ್ನು ಕೂರಿಸಿ ಕಳಿಸಿದ್ದರು. ಎರಡು ಅಂಗಡಿ, ಮೂರು ಸುದ್ದಿಮನೆ, ಬಣ್ಣದ ಗೋಲಿ ಒಡೆಯುವ ಆಟ, ನಾವು ನಡೆದ ಹೆಜ್ಜೆ ಎಣಿಸುವವನೊಬ್ಬ. ಕರೆಯದೆ ಬಂದದ್ದಲ್ಲದೆ ನಡುಮನೆಯಲ್ಲೇ ಕಾಲು ಚಾಚಿದ್ದರು. ಮಗಳು ನೀರು ಒತ್ತಿದರೆ ಫಲಕದ ಮೇಲೆ ಚಪ್ಪಲಿಯ ಭಾರೀ ರಿಯಾಯಿತಿ ಬಂದು ಕೂರುತ್ತಿತ್ತು. ಬಾಯಾರಿದ ಮಗುವಿಗೆ ಚಪ್ಪಲಿ ತೋರಿಸುವ ಔದಾರ್ಯ! ತೆಗೆಯೋಣವೆಂದರೆ 'ಅಳಿಸು' ಗುಂಡಿ ಬೂದುಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿತ್ತು. ರಿಪೇರಿ ಅಂಗಡಿಯವನು, "ರೂಟ್ ಮಾಡಿದ್ರೆ ಹೋಗುತ್ತೆ ಮೇಡಂ. ಅಂದ್ರೆ ಒಳಗಿನ ಬೀಗಾನೇ ಒಡೆಯೋದು. ಟ್ಯಾಬ್ಲೆಟ್ಟೂ ಹೋದ್ರೆ ನನ್ನ ಕೇಳ್ಬೇಡಿ" ಎಂದು ಕೈ ತೊಳೆದುಕೊಂಡ.

ತೆಗೆದುಹಾಕುವ ಕೆಲಸ ಎಂದು ಕಿವಿಗೆ ಬಿದ್ದರೆ ಭಾವ ಬಿಟ್ಟಾರೆಯೇ? ಮೂರು ದಿನ ವಿಡಿಯೊ ನೋಡಿ, ಭಾನುವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಕಂಪ್ಯೂಟರ್, ಕೇಬಲ್ಲು, ರಟ್ಟಿನ ಪುಸ್ತಕ ಹರಡಿಕೊಂಡು ಕೂತರು. ಬೀಗ ಒಡೆಯಬೇಕಿಲ್ಲವಂತೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಸಂಖ್ಯೆಯನ್ನು ಏಳು ಸಲ ತಟ್ಟಿದರು. 'ನೀವೀಗ ಡೆವಲಪರ್' ಎಂದಿತು ಟ್ಯಾಬ್ಲೆಟ್. ಭಾವ ಬೆನ್ನು ನೆಟ್ಟಗೆ ಮಾಡಿಕೊಂಡರು.

"ನೋಡಿದ್ಯೇನಮ್ಮಾ, ನಿವೃತ್ತಿ ಆದ್ಮೇಲೆ ಬಡ್ತಿ."

ಆಮೇಲೆ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದೊಂದು ಆಪ್‌ನ ಉದ್ದುದ್ದ ಹೆಸರು ಬರೆದು ಆಜ್ಞೆ ಕೊಡತೊಡಗಿದರು. "ನಿಜವಾಗ್ಲೂ ಆಚೆ ಹೋಗಲ್ಲ ಇವು. ಒಳಗೇ ಬಿದ್ದಿರ್ತವೆ, ಆದ್ರೆ ಯಾವ ಕೆಲಸಾನೂ ಮಾಡಲ್ಲ" ಎಂದು ವಿವರಿಸಿದರು.

"ನಮ್ಮನೇಲೂ ಒಬ್ಬರಿದ್ದಾರೆ ಹಾಗೆ" ಎಂದರು ಓರಗಿತ್ತಿ ಅಡುಗೆಮನೆಯಿಂದ.

ನಾನು ಅಂಗಲಾಚಿದೆ. "ಭಾವ, ಒಂದೊಂದೇ ತೆಗೀರಿ. ಪ್ರತಿ ಸಲ ಫಲಕ ಒತ್ತಿ ನೋಡೋಣ. ನಾಳೇನೇ ಶಿಶುವಿಹಾರಕ್ಕೆ ಹೋಗ್ಬೇಕು."

"ಲಾರಿಗಟ್ಟಲೆ ಕಡತ ತೆಗೆದವನಿಗೆ ಪಾಠ ಹೇಳ್ತೀಯಾ? ನೀನು ಮಗು ತಲೆ ಬಾಚು ಹೋಗು."

ಹನ್ನೊಂದು ಗಂಟೆಗೆ ಮೂವತ್ತೊಂದು ಆಪ್‌ಗಳ ವಿಲೇವಾರಿ ಮುಗಿದಿತ್ತು. ಟ್ಯಾಬ್ಲೆಟ್ ಹೂವಿನಂತೆ ಹಗುರ. ಚಪ್ಪಲಿ ಇಲ್ಲ, ಗೋಲಿ ಇಲ್ಲ. ಮಗಳು ಓಡಿಬಂದು ನೀರು ಒತ್ತಿದಳು.

ಸದ್ದಿಲ್ಲ.

ಮತ್ತೆ ಒತ್ತಿದಳು. ಬಾತ್‌ರೂಮು ಒತ್ತಿದಳು, ಅಮ್ಮ ಒತ್ತಿದಳು. ಟ್ಯಾಬ್ಲೆಟ್‌ಗೆ ಕಿವಿಯಿಟ್ಟು ಕೇಳಿದಳು. ಅಳಲಿಲ್ಲ. ಏನೋ ತಪ್ಪು ಮಾಡಿದೆನೆಂಬಂತೆ ಅದನ್ನು ಮೆಲ್ಲಗೆ ನನ್ನ ತೊಡೆಯ ಮೇಲಿಟ್ಟು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಅತ್ತಿದ್ದರೆ ವಾಸಿಯಿತ್ತು.

"ಚಾರ್ಜ್ ಇಲ್ವೇನೋ" ಎಂದರು ಭಾವ. ತೊಂಬತ್ತೆರಡು ಪರ್ಸೆಂಟ್ ಇತ್ತು.

ನಾನು ರಟ್ಟಿನ ಪುಸ್ತಕ ಎಳೆದುಕೊಂಡು ಬೆರಳಿಟ್ಟು ಓದಿದೆ. ಕ್ರಮಸಂಖ್ಯೆ ಹತ್ತೊಂಬತ್ತು: ಬರಹವನ್ನು ಓದಿ ಹೇಳುವ ಸೇವೆ. ಕಾರಣ: 'ಮನೆಯಲ್ಲಿ ಎಲ್ಲರಿಗೂ ಓದಲು ಬರುತ್ತದೆ. ಅನಗತ್ಯ.' ಸಹಿ.

"ಭಾವ, ಇದು ಅವಳ ದನಿ" ಎಂದೆ. ಚೂರುಯಂತ್ರಕ್ಕೆ ಹಾಕಿದ್ದನ್ನು ಮರಳಿ ತರುವ ಪದ್ಧತಿ ಅವರ ಇಲಾಖೆಯಲ್ಲಿ ಇರಲಿಲ್ಲ. ಗಂಡ ಹುಡುಕಿದರು. ಒಳಗೇ ಇರುವುದನ್ನು ಮತ್ತೆ ಕೆಲಸಕ್ಕೆ ಹಚ್ಚಲು ಬೇರೊಂದು ಆಜ್ಞೆಯಿತ್ತು, ಆದರೆ ಅಕ್ಷರ ತಪ್ಪದ ಪೂರ್ತಿ ಹೆಸರು ಬೇಕು. ಅದು ಭಾವನ ಮುತ್ತಿನಂಥ ಅಕ್ಷರದಲ್ಲಿ, ಚುಕ್ಕಿ ಸಮೇತ, ಪುಸ್ತಕದಲ್ಲಿತ್ತು. ಭಾವ ತಾವೇ ಒಂದೊಂದೇ ಅಕ್ಷರ ಒತ್ತಿದರು, ಎರಡು ಸಲ ತಪ್ಪಿದರು, ಮೂರನೇ ಸಲಕ್ಕೆ ಸರಿಹೋಯಿತು.

"ನೀರು" ಎಂದಿತು ಟ್ಯಾಬ್ಲೆಟ್. ಹಿಂದಿನ ಹೆಣ್ಣುದನಿಯ ಬದಲು ಯಾವುದೋ ಗಡಸು ಗಂಡುದನಿ. ಮಗಳು ಬೆಚ್ಚಿ, ನಕ್ಕು, ಇಪ್ಪತ್ತು ಸಲ ನೀರು ಕೇಳಿದಳು. ಭಾವ ನಿಂತ ಹೆಜ್ಜೆಯಲ್ಲೇ ಐದು ಲೋಟ ತಂದಿಟ್ಟರು.

ಸೋಮವಾರ ಬೇಡವೆಂದರೂ ಭಾವ ಶಿಶುವಿಹಾರಕ್ಕೆ ಬಂದರು. ಮಗಳು ನೀರನ್ನೂ ಬಾತ್‌ರೂಮನ್ನೂ ತಾನೇ ಕೇಳಿದಳು, ಮಂಡಿಯ ಗಾಯ ತೋರಿಸಿ ನೋವು ಒತ್ತಿದಳು. ಟೀಚರ್ ತಲೆಯಾಡಿಸಿದರು. ಅಷ್ಟಕ್ಕೆ ಬಿಡಬಹುದಿತ್ತು. ಭಾವ ಕುರ್ಚಿ ಮುಂದಕ್ಕೆಳೆದು, ಟ್ಯಾಬ್ಲೆಟ್ಟನ್ನು ತಾವು ಹೇಗೆ ಶುದ್ಧೀಕರಿಸಿದರೆಂದು ಆರಂಭಿಸಿದರು. ಹತ್ತೊಂಬತ್ತನೆಯದನ್ನು ಹಾರಿಸಿ ಇಪ್ಪತ್ತಕ್ಕೆ ಬಂದಿದ್ದರು. ಮಗಳು ಅವರನ್ನೇ ನೋಡುತ್ತಿದ್ದವಳು ಫಲಕದ ಮೂಲೆಗೆ ಬೆರಳೊಯ್ದಳು.

"ಸಾಕು" ಎಂದಿತು ಆ ಗಂಡುದನಿ.

ಟೀಚರ್ ಬಾಯಿಗೆ ಸೆರಗು ಹಿಡಿದರು. "ನಾಳೆಯಿಂದ್ಲೇ ಕಳಿಸಿ. ಮೂರೇ ಕೇಳಿದ್ದೆ, ನಾಲ್ಕನೇದೂ ಹೇಳಿದ್ಲಲ್ಲ!"

ಹೊರಗೆ ಚಪ್ಪಲಿ ಮೆಟ್ಟಿಕೊಳ್ಳುತ್ತ ಭಾವ ನನ್ನ ಕಡೆ ತಿರುಗದೆ ಕೇಳಿದರು: "ಉಚ್ಚಾರಣೆ ಸ್ಪಷ್ಟವಾಗಿತ್ತು, ಅಲ್ವೇನಮ್ಮಾ?"