ನಾಯಕ ಕೇಳಿದ ಒಂದೇ ಪ್ರಶ್ನೆ

ಎರಡು ವರ್ಷದ ಹಿಂದಿನ ಜನವರಿ. ಹೆತ್ತೂರಿನ ಹತ್ತಿರ ನಾನು ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದ ಕಾಫಿ ಎಸ್ಟೇಟಿಗೆ ಸಿನಿಮಾದವರು ಬಂದಿದ್ದರು. ಅಪ್ಪನನ್ನು ಕೊಂದವನನ್ನು ಮಗ ಹುಡುಕಿಕೊಂಡು ಬರುವ ಕಥೆಯಂತೆ. ಕೇಳಿ ನಗು ಬಂತು. ಇಂಥವನ್ನು ಎಷ್ಟು ನೋಡಿಲ್ಲ ನಾನು! ಹತ್ತು ಜನರನ್ನು ಹೊಡೆದುರುಳಿಸಿದರೂ ನಾಯಕನ ಕ್ರಾಪು ಕದಲುವುದಿಲ್ಲ.

ಆವತ್ತು ಕೊಲೆಗಾರನ ಪಾತ್ರದವರಿಗೆ ಜ್ವರ. ಬೆನ್ನು ಮಾತ್ರ ಕಾಣುವ ಶಾಟ್ ಎಂದು, ಅವರಷ್ಟೇ ದಪ್ಪಗಿದ್ದ ನನ್ನನ್ನು ಕಾಫಿ ಒಣಗಿಸುವ ಕಣದಲ್ಲಿ ಕುರ್ಚಿ ಹಾಕಿ ಕೂರಿಸಿದರು. ‘ನೀವು ಸುಮ್ಮನೆ ಕೂತಿರಿ ಸಾರ್. ಹೀರೋ ಬಂದು ಅರ್ಧ ಪುಟ ಡೈಲಾಗ್ ಹೇಳಿ ಕತ್ತಿ ಎತ್ತುತ್ತಾರೆ’ ಎಂದರು ನಿರ್ದೇಶಕರು. ಕೂಲಿ ಲೈನಿನ ಮನೆಗಳ ಹೆಂಗಸರೆಲ್ಲ ನೋಡಲು ನಿಂತಿದ್ದರು. ‘ನಮ್ ರೈಟರ್ರು ಹೀರೋ ಆಗ್ಬುಟ್ರು ಕಣ್ರೇ’ ಎಂದು ಯಾರೋ ರೇಗಿಸಿದರು. ನಾನೂ ಜಂಬದಿಂದ ಮೀಸೆ ತಿರುವಿದೆ.

ನಾಯಕ ನಟ ಸಣಕಲು ಆಸಾಮಿ. ಬೆಳಿಗ್ಗೆಯಿಂದ ಯಾರ ಜತೆಯೂ ಒಂದು ಮಾತಾಡಿರಲಿಲ್ಲ. ಮಂಜು ಇನ್ನೂ ಕರಗಿರಲಿಲ್ಲ. ಅದರೊಳಗಿಂದ ಬರಿಗಾಲಲ್ಲಿ, ಸದ್ದೇ ಇಲ್ಲದೆ ನಡೆದು ಬಂದು ನನ್ನೆದುರು ಕುಕ್ಕರುಗಾಲಲ್ಲಿ ಕೂತ. ಕತ್ತಿಯನ್ನು ಕಾಫಿ ಹಣ್ಣಿನ ಮೇಲೆ ಇಟ್ಟ. ರೆಪ್ಪೆ ಬಡಿಯಲಿಲ್ಲ. ಆ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ನಾನು ಹೆದರುತ್ತಿರಲಿಲ್ಲ. ಎಷ್ಟೋ ವರ್ಷದಿಂದ ನನಗಾಗಿಯೇ ಕಾದವನ ಹಾಗೆ ನೋಡುತ್ತಿದ್ದ. ಅರ್ಧ ಪುಟದ ಮಾತು ಬಿಟ್ಟು ಒಂದೇ ಪ್ರಶ್ನೆ ಕೇಳಿದ: ‘ಅವನ ಹೆಸರು ನೆನಪಿದೆಯಾ?’

ನನಗೇ ತಿಳಿಯದೆ ‘ನಿಂಗರಾಜು’ ಎಂದುಬಿಟ್ಟೆ.

ನಿಂಗರಾಜು ಕಥೆಯಲ್ಲಿದ್ದವನಲ್ಲ. ನಮ್ಮ ಎಸ್ಟೇಟಿನಲ್ಲಿ ಮರಗಸಿ ಮಾಡುತ್ತಿದ್ದ, ಅಂದರೆ ಮಳೆಗಾಲಕ್ಕೆ ಮೊದಲು ನೆರಳಿನ ಮರ ಹತ್ತಿ ಕೊಂಬೆ ಸವರುತ್ತಿದ್ದ ಆಳು. ಒಂಬತ್ತು ವರ್ಷದ ಹಿಂದೆ, ಮರ ಒದ್ದೆಯಿದ್ದ ದಿನ, ಹತ್ತದಿದ್ದರೆ ಹಾಜರಿ ಹಾಕುವುದಿಲ್ಲವೆಂದು ಹೆದರಿಸಿ ಹತ್ತಿಸಿದವನು ನಾನು. ಬಿದ್ದು ಸತ್ತ. ಕುಡಿದು ತಾನಾಗಿ ಹತ್ತಿದ್ದ ಎಂದು ಎಲ್ಲರಿಗೂ ಹೇಳಿದವನೂ ನಾನೇ.

‘ಕಟ್! ಸೂಪರ್ ಸಾರ್, ಧ್ವನಿ ಹೇಗೆ ನಡುಗಿತು!’ ಎಂದು ನಿರ್ದೇಶಕರು ಕುಣಿದಾಡಿದರು. ನಟ ಮಾತ್ರ ಕೂತಲ್ಲಿಂದ ಏಳಲಿಲ್ಲ. ‘ಯಾರ ಹೆಸರದು?’ ಎಂದು ಮೆಲ್ಲಗೆ ಕೇಳಿದ. ನಾನು ಹೆಂಗಸರ ಸಾಲಿನ ಕಡೆ ತಿರುಗಿದೆ. ನಿಂಗರಾಜುವಿನ ಹೆಂಡತಿ ಗೌರಮ್ಮ ನನ್ನನ್ನೇ ನೋಡುತ್ತಿದ್ದಳು.

ಸಂಜೆ ಸ್ಟೋರಿನ ಬಾಗಿಲಿಗೆ ಬಂದಳು. ‘ನಮ್ಮೋರ ಹೆಸ್ರು ನಿಮ್ ಬಾಯಾಗೆ ಯಾಕ್ ಬಂತು?’ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಅಳಲಿಲ್ಲ, ಬಯ್ಯಲಿಲ್ಲ. ‘ನಂಗೊಬ್ಳಿಗೆ ಹೇಳಿದ್ರೆ ಸಾಲ್ದು. ನನ್ ಮಗ್ಳು ಕುಡುಕನ ಮಗ್ಳು ಅನ್ನಿಸ್ಕಂಡೇ ಬೆಳ್ದವ್ಳೆ. ಎಲ್ರ ಮುಂದೆ ಹೇಳಿ’ ಎಂದಳು.

ಮಾರನೆಯ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಎಸ್ಟೇಟಿನ ಸಾಹುಕಾರರನ್ನೂ ಕರೆಸಿ, ಎಲ್ಲರೆದುರು ಹೇಳಿದೆ. ಅವತ್ತೇ ಕೆಲಸ ಹೋಯಿತು. ಈಗ ಸಕಲೇಶಪುರದ ಒಂದು ಕಾಫಿ ಗೋಡೌನಿನಲ್ಲಿದ್ದೇನೆ.

ಸಿನಿಮಾ ಬಂದಾಗ ಮ್ಯಾಟಿನಿಗೆ ಹೋದೆ. ನಾನು ಗೇಲಿ ಮಾಡಿದ್ದೆಲ್ಲ ಅದರಲ್ಲಿತ್ತು: ಹಾರುವ ಜೀಪು, ಉರುಳುವ ರೌಡಿಗಳು. ಆದರೆ ಆ ಸಣಕಲು ಮನುಷ್ಯ ಕುಕ್ಕರುಗಾಲಲ್ಲಿ ಕೂತಾಗ ಶಿಳ್ಳೆ ನಿಂತುಹೋಯಿತು. ಹಳಸಲು ಕಥೆ ಮರೆತು ಎಲ್ಲರೂ ಉಸಿರು ಬಿಗಿಹಿಡಿದರು. ನನ್ನ ಧ್ವನಿ ತೆಗೆದು ಬೇರೆಯವರಿಂದ ಬೇರೆ ಹೆಸರು ಹೇಳಿಸಿದ್ದರು. ನಡುಗುತ್ತಿದ್ದ ಬೆನ್ನು ಮಾತ್ರ ನನ್ನದೇ. ‘ಏನ್ ಆಕ್ಟಿಂಗ್ ಮಾರಾಯ!’ ಎಂದರು ಪಕ್ಕದವರು. ಆ ನೋಟ ಇವತ್ತಿಗೂ ಹಗಲು ಹೊತ್ತಲ್ಲೇ ಬಂದು ನನ್ನೆದುರು ಕೂರುತ್ತದೆ.

ಗೌರಮ್ಮ ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಹೋದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಅವಳ ಮಗಳು ತಾನಾಗಿ ಬಂದು ಕೇಳಿದಳು: ‘ನಮ್ಮಪ್ಪ ಮರ ಹತ್ತೋ ಮುಂಚೆ ಏನಂದ್ರು?’

‘ಇವತ್ತು ಬ್ಯಾಡ ಸಾರ್, ನಾಳೆ ಹತ್ತುತೀನಿ ಅಂದ್ರು’ ಎಂದೆ.

ಅವಳು ತಲೆಯಾಡಿಸಿ ಬಸ್ಸಿನ ಕಡೆ ಹೋದಳು.