ಆಪಾ ಇಳಿಸಿಕೊಟ್ಟ ಡಿಸ್ಕು

ದಾಂಡೇಲಿಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟು ಹದಿನೆಂಟು ವರ್ಷವಾಯಿತು. ಮೊದಲ ಹದಿನೈದು ವರ್ಷ ನನಗೆ ಯಾರ ಮೇಲೂ ಹೊಟ್ಟೆಕಿಚ್ಚು ಬಂದಿರಲಿಲ್ಲ, ಯಾಕೆಂದರೆ ಊರಲ್ಲಿ ಕೆಟ್ಟದ್ದೆಲ್ಲ ನನ್ನ ಮೇಜಿಗೇ ಬರುತ್ತಿತ್ತು. ಆಮೇಲೆ ಹಳಿಯಾಳದ ಬಜಾರಿನಲ್ಲಿ, ಮೋಟಾರ್ ರಿವೈಂಡಿಂಗ್ ಮಾಡುವವರೊಬ್ಬರ ಹೆಂಡತಿ ಗಂಡನ ಅಂಗಡಿಯ ಅರ್ಧ ಜಾಗದಲ್ಲಿ ಕಂಪ್ಯೂಟರ್ ರಿಪೇರಿ ಶುರುಮಾಡಿದರು. ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಮುಂಡಗೋಡದ ಟಿಬೆಟನ್ ಕಾಲೊನಿಯಿಂದಲೂ ಲ್ಯಾಪ್‌ಟಾಪ್ ಹಿಡಿದುಕೊಂಡು ಅವರ ಹತ್ತಿರ ಬರುತ್ತಾರಂತೆ ಎಂದು ಕೇಳಿದಾಗ, ಅವರಿಗೆ ದಾಂಡೇಲಿ ದೂರ, ಅದಕ್ಕೆ ಅಲ್ಲಿಗೆ ಹೋಗುತ್ತಾರೆ ಎಂದುಕೊಂಡೆ. ದಾಂಡೇಲಿಯವರೇ ಹಳಿಯಾಳದ ಬಸ್ಸು ಹತ್ತತೊಡಗಿದಾಗ ನನಗೆ ಹೇಳಿಕೊಳ್ಳಲು ಸಮಾಧಾನ ಉಳಿಯಲಿಲ್ಲ.

ನನ್ನ ಗೆಳೆಯನೊಬ್ಬ ತೇಗದ ಬಾಗಿಲುಗಳ ಮೇಲೆ ಮಷೀನಿನಿಂದ ಬಳ್ಳಿ, ಹೂವು, ನವಿಲು ಕೆತ್ತಿಕೊಡುತ್ತಾನೆ. ಆ ಮಷೀನನ್ನು ನಡೆಸುವುದು ಒಂದು ಹಳೆಯ ಕಂಪ್ಯೂಟರ್. ಅದರ ಸಾಫ್ಟ್‌ವೇರ್ ಕೊಟ್ಟವರು ಈಗ ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ, ಹೊಸದಾಗಿ ಹಾಕುವಂತಿಲ್ಲ. ಒಂದು ದಿನ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕು ಕಟಕಟ ಎನ್ನತೊಡಗಿತು. ಹೋದಷ್ಟು ದಿನ ಹೋಗಲಿ ಎಂದು ಬಿಡುವ ಸದ್ದಲ್ಲ ಅದು. ಗೆಳೆಯ ಆಗಲೇ ಒಂದು ಹೊಸ ಡಿಸ್ಕನ್ನೂ ತಂದಿಟ್ಟಿದ್ದ. ವೇಗದ್ದು ನಿಜ, ಆದರೆ ಹಳೆಯದರ ಅರ್ಧದಷ್ಟೇ ಜಾಗದ್ದು.

ನಾನು ಮೊದಲು ಹಳೆಯ ಡಿಸ್ಕಿನ ಇಮೇಜ್ ತೆಗೆದೆ. ಅಂದರೆ ಅದರಲ್ಲಿದ್ದದ್ದೆಲ್ಲವನ್ನೂ ಇದ್ದಹಾಗೆಯೇ ಒಂದು ಫೈಲಾಗಿ ನನ್ನ ಹೊರಗಿನ ಡಿಸ್ಕಿಗೆ ಇಳಿಸಿಕೊಂಡೆ. ಅದನ್ನು ಹೊಸದಕ್ಕೆ ಹಾಕಲು ಹೋದರೆ, ಜಾಗ ಸಣ್ಣದು, ಆಗುವುದಿಲ್ಲ ಎಂದು ಬಂತು. ಒಳಗಿದ್ದ ಸರಕು ಡಿಸ್ಕಿನ ಕಾಲು ಭಾಗವೂ ಇರಲಿಲ್ಲ. ಆದರೂ ಒಪ್ಪಲಿಲ್ಲ. ಹಳೆಯ ಡಿಸ್ಕಿನ ವಿಭಾಗವನ್ನೇ, ಅಂದರೆ ಪಾರ್ಟಿಶನ್ನನ್ನೇ, ಕುಗ್ಗಿಸಲು ನೋಡಿದೆ. ಸ್ವಲ್ಪ ಕುಗ್ಗಿ ನಿಂತುಬಿಟ್ಟಿತು. ಎರಡು ದಿನ ಹೀಗೇ ಹೋಯಿತು. ಜೋಯಿಡಾ ಕಡೆಯ ಒಂದು ಮನೆಯ ಬಾಗಿಲು ಅರ್ಧ ನವಿಲಿನೊಂದಿಗೆ ಮಷೀನಿನ ಮೇಲೆಯೇ ಮಲಗಿತ್ತು.

ಮೂರನೆಯ ದಿನ ಬೆಳಿಗ್ಗೆ ಚಹಾ ಕೊಡುತ್ತಾ ಗೆಳೆಯ, "ಹಳಿಯಾಳದ ಆಪಾನ್ನ ಒಮ್ಮೆ ಕೇಳೂಣೇನು? ಭಾಳ ಹುಷಾರ ಅದಾರಂತ" ಎಂದ.

ಅವನ ದನಿಯಲ್ಲಿ ನನ್ನನ್ನು ಕಡಿಮೆ ಮಾಡುವ ಉದ್ದೇಶವೇನೂ ಇರಲಿಲ್ಲ. ಅದಕ್ಕೇ ನನಗೆ ಹೆಚ್ಚು ಉರಿಯಿತು. ಈ ಗೆಳೆಯನಿಗೆ ಮೊದಲ ಕಂಪ್ಯೂಟರ್ ಆನ್ ಮಾಡಲು ಕಲಿಸಿದ್ದು ನಾನು. ಬೇಡ, ಒಂದು ಸಾಮಾನು ಬೇಕಾಗಿದೆ, ಹುಬ್ಬಳ್ಳಿಯಿಂದ ತರುತ್ತೇನೆ ಎಂದು ಹೇಳಿ ಎದ್ದೆ. ಹೊಸ ಡಿಸ್ಕನ್ನೂ ಇಮೇಜ್ ಇದ್ದ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿ, ಹಳಿಯಾಳದಲ್ಲಿ ಇಳಿದುಬಿಟ್ಟೆ.

ಆಪಾ ನನ್ನನ್ನು ನೋಡಿದ್ದೇ ಗುರುತು ಹಿಡಿದರು. ಅಂಗಡಿಯಲ್ಲಿ ಕಾಯುತ್ತಿದ್ದವರಿಗೆ, ಇವರು ದಾಂಡೇಲಿಯ ಹಿರಿಯರು ಎಂದು ಪರಿಚಯಿಸಿ ತಮ್ಮ ಕುರ್ಚಿ ಬಿಟ್ಟುಕೊಟ್ಟರು. ಆ ಕುರ್ಚಿಯಲ್ಲಿ ಕುಳಿತು ನಾನು ಕಾಯುತ್ತಿದ್ದವರನ್ನು ಎಣಿಸಿದೆ. ಏಳು ಜನ. ಅವರಲ್ಲಿ ಇಬ್ಬರು ಹಿಂದೆ ನನ್ನ ಗಿರಾಕಿಗಳು. ನನ್ನನ್ನು ಕಂಡು ಅವರು ಬೇರೆ ಕಡೆ ಮುಖ ಮಾಡಿದರು.

ನನ್ನ ಮಾತೆಲ್ಲ ಕೇಳಿದ ಮೇಲೆ ಆಪಾ, "ಬ್ಯಾನಿ ಬಿದ್ದ ಡಿಸ್ಕಿನ ಮ್ಯಾಲೆ ಕುಗ್ಗಿಸೂ ಕೆಲಸ ಮಾಡಿಲ್ಲ ಹೌದಲ್ರಿ ಅಣ್ಣಾರ?" ಎಂದು ಕೇಳಿದರು.

ಇಲ್ಲ ಎಂದೆ. ಸಾಯುತ್ತಿರುವ ಡಿಸ್ಕಿಗೆ ಅಂಥ ಕೆಲಸ ಕೊಟ್ಟರೆ ಇದ್ದದ್ದೂ ಹೋಗಬಹುದು ಎಂದು ನನಗೂ ಗೊತ್ತಿತ್ತು. ಸುಳ್ಳು ಅಷ್ಟು ಬೇಗ ಬಾಯಿಗೆ ಬಂತು.

ಅವರು ತಮ್ಮಲ್ಲಿದ್ದ ಒಂದು ದೊಡ್ಡ, ಗಟ್ಟಿ ಡಿಸ್ಕಿಗೆ ನನ್ನ ಇಮೇಜನ್ನು ಹಾಕಿದರು. ಅಷ್ಟೇ ಉಪಾಯ. ಅದರ ಮೇಲೆ ಏನು ಬೇಕಾದರೂ ಮಾಡಬಹುದು, ಕೆಟ್ಟರೆ ಮತ್ತೆ ಇಮೇಜಿನಿಂದ ಹಾಕಿಕೊಳ್ಳಬಹುದು. ವಿಂಡೋಸ್ ತನ್ನ ಉಪಯೋಗಕ್ಕೆಂದು ನಡುಮಧ್ಯೆ ಇಟ್ಟುಕೊಂಡಿದ್ದ ಕೆಲವು ದೊಡ್ಡ ಫೈಲುಗಳು ಜರುಗುತ್ತಿರಲಿಲ್ಲ. ಅವರು ಅವನ್ನು ತಾತ್ಕಾಲಿಕವಾಗಿ ತೆಗೆಸಿ, ಆಮೇಲೆ ಕುಗ್ಗಿಸಿದರು. ವಿಭಾಗ ಹೊಸ ಡಿಸ್ಕಿಗಿಂತ ಸಣ್ಣದಾಯಿತು. ಅದರ ಇಮೇಜ್ ಮತ್ತೊಮ್ಮೆ ತೆಗೆದು ಹೊಸದಕ್ಕೆ ಇಳಿಸಿದರು. ನಡುವೆ ಏಳು ಜನರಲ್ಲಿ ನಾಲ್ವರ ಕೆಲಸವೂ ಮುಗಿಯಿತು. ಅವರ ಕೈ ಎಲ್ಲಿಯೂ ತಡೆಯಲಿಲ್ಲ. ನಾನು ತಪ್ಪಿಗಾಗಿ ಕಾಯುತ್ತಾ ನೋಡಿದೆ. ಒಂದೇ ಒಂದು ತಪ್ಪು ಮಾಡಲಿ ಎಂದು, ನನ್ನದೇ ಕೆಲಸದ ಮೇಲೆ, ಹಾರೈಸುತ್ತಾ ಕುಳಿತಿದ್ದೆ.

"ನೀವು ಮೊದಲ ಇಮೇಜ್ ತಗೊಂಡಿದ್ದು ಛಲೋ ಆತ್ರಿ. ಅದು ಇರಲಿಲ್ಲಂದ್ರ ನಾ ಏನ ಮಾಡಾಕ ಬರ್ತಿತ್ತು?" ಎಂದು ಡಿಸ್ಕು ಕೈಗಿತ್ತರು.

ಆ ಹೊಗಳಿಕೆಯಿಂದ ನನ್ನ ಸಂಕಟ ಇನ್ನೂ ಹೆಚ್ಚಾಯಿತು. ಸೊಕ್ಕಿನವರಾಗಿದ್ದರೆ ಬೈದುಕೊಂಡಾದರೂ ದಾಂಡೇಲಿಗೆ ಮರಳಬಹುದಿತ್ತು.

ಸಂಜೆ ಡಿಸ್ಕು ಜೋಡಿಸಿದೆ. ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು, ಮಷೀನು ನವಿಲಿನ ಉಳಿದ ಗರಿಗಳನ್ನು ಕೆತ್ತತೊಡಗಿತು. ಗೆಳೆಯ ನನ್ನ ಹೆಗಲು ತಟ್ಟಿ ಅಲ್ಲಿದ್ದವರಿಗೆಲ್ಲ ನನ್ನ ಬಗ್ಗೆ ಹೇಳಿದ. ನಾನು ಹಳಿಯಾಳದ ಹೆಸರೆತ್ತದೆ ನನ್ನ ಸಾಮಾನು ಚೀಲಕ್ಕೆ ಹಾಕಿಕೊಂಡೆ.

ಕೆಲವು ವಾರಗಳ ನಂತರ ಆಪಾ ತಮ್ಮ ಮನೆಗೆ ಬಾಗಿಲು ಮಾಡಿಸಲು ಗಂಡನೊಂದಿಗೆ ಗೆಳೆಯನ ಕಾರ್ಖಾನೆಗೇ ಬಂದರು. ನಾನೂ ಅಲ್ಲೇ ಇದ್ದೆ. ಗೆಳೆಯ ಉಮೇದಿನಿಂದ ಅವರೆದುರೇ ನನ್ನ ಸಾಹಸ ವರ್ಣಿಸಿದ. ದೊಡ್ಡ ಡಿಸ್ಕಿನದ್ದನ್ನು ಸಣ್ಣದರಲ್ಲಿ ಕೂರಿಸಿದ್ದಾನೆ, ನಿಮಗೂ ಬರಲಿಕ್ಕಿಲ್ಲ ಅಂದ. ಆಪಾ ನನ್ನ ಕಡೆ ನೋಡಿದರು. "ಹೌದ್ರಿ, ಸಣ್ಣ ಕೆಲಸ ಅಲ್ಲ ಅದು" ಎಂದಷ್ಟೇ ಹೇಳಿ, ಬಾಗಿಲಿನ ಅಳತೆಯ ಮಾತಿಗೆ ಹೋದರು.

ಆ ಮಾತು ನನ್ನನ್ನು ಎರಡು ವಾರ ತಿಂದಿತು. ಕೊನೆಗೊಂದು ದಿನ ಗೆಳೆಯನಿಗೆ ಎಲ್ಲ ಹೇಳಿದೆ. ಹಳೆಯ ಡಿಸ್ಕಿನ ಮೇಲೆ ನಾನೇ ಕೈಯಾಡಿಸಿದ್ದನ್ನೂ ಬಿಡಲಿಲ್ಲ. ಅವನು ಬೈಯಲಿಲ್ಲ, ನಗಲೂ ಇಲ್ಲ.

"ಅವತ್ತ ಹೇಳಿದ್ದರ, ಬಾಗಿಲಿನ ಮ್ಯಾಲೆ ಅವರಿಗೆ ಒಂದು ಬಳ್ಳಿ ಹೆಚ್ಚಿಗಿ ಕೆತ್ತಿ ಕೊಡ್ತಿದ್ದೆ" ಎಂದ.

ಬಾಗಿಲು ಆಗಲೇ ಹಳಿಯಾಳಕ್ಕೆ ಹೋಗಿತ್ತು. ಆಪಾಗೆ ಫೋನ್ ಮಾಡಿ ನನ್ನ ಸುಳ್ಳನ್ನು ಒಪ್ಪಿಕೊಂಡೆ. ನೀವು ಅಷ್ಟು ಬೇಗ ಇಲ್ಲ ಎಂದಾಗಲೇ ಗೊತ್ತಾಗಿತ್ತು ಎಂದರು. ಈಗ ತೊಡಕಿನ ಕೆಲಸ ಬಂದರೆ ಅವರನ್ನೇ ಕೇಳುತ್ತೇನೆ, ಗಿರಾಕಿಗೂ ಅವರ ಹೆಸರು ಹೇಳುತ್ತೇನೆ. ಹೇಳುವಾಗ ಎದೆಯಲ್ಲಿ ಒಂದು ಮುಳ್ಳು ಈಗಲೂ ಆಡುತ್ತದೆ. ಗೆಳೆಯನ ಕಂಪ್ಯೂಟರ್ ಕಳೆದ ತಿಂಗಳು ಮತ್ತೆ ಕೈಕೊಟ್ಟಿತು. ಅವನು ನೇರವಾಗಿ ಹಳಿಯಾಳಕ್ಕೇ ಫೋನ್ ಹಚ್ಚಿದ.